ವಿಶ್ವವಿದ್ಯಾಲಯ–ಕಂಪನಿ ಜಂಟಿ ಸಂಶೋಧನೆಗೆ ಹಣ ಹೊಂದಿಸಿದವರು ಇದ್ದೀರಾ? ಅನುಭವ ಹೇಳಿ

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನಾನು ವಿಶ್ವವಿದ್ಯಾಲಯವೊಂದರಲ್ಲಿ ಸೂಕ್ಷ್ಮಜೀವಿ ವಿಜ್ಞಾನ ಕಲಿಸುತ್ತೇನೆ. ನಮ್ಮ ಲ್ಯಾಬಿನಲ್ಲಿ ಒಂದು ಯೀಸ್ಟ್ ತಳಿ ಇದೆ. ಕಟಾವಿನ ನಂತರ ಹೊಲದಲ್ಲಿ ಉಳಿಯುವ ಹುಲ್ಲು, ದಂಟಿನಿಂದ ತೆಗೆದ ಸಕ್ಕರೆ ತಿಂದು ಅದು ಒಂದು ಸಾವಯವ ಆಮ್ಲ ಮಾಡುತ್ತದೆ. ಪ್ಲಾಸ್ಟಿಕ್ ತಯಾರಿಕೆಗೆ ಬೇಕಾಗುವ ಆಮ್ಲ ಅದು. ಈಗ ಬಹುಪಾಲು ಪೆಟ್ರೋಲಿಯಂನಿಂದ ಬರುತ್ತಿದೆ. 5 ಲೀಟರ್ ಫರ್ಮೆಂಟರ್‌ನಲ್ಲಿ (ಸೂಕ್ಷ್ಮಜೀವಿ ಬೆಳೆಸುವ ಟ್ಯಾಂಕ್) ನಮಗೆ ಒಳ್ಳೆಯ ಫಲಿತಾಂಶ ಸಿಕ್ಕಿದೆ. ಮಧ್ಯಮ ಗಾತ್ರದ ಒಂದು ರಾಸಾಯನಿಕ ಕಂಪನಿ ಬಂದು, "ಜಂಟಿಯಾಗಿ ಮಾಡೋಣ, ಅನುದಾನಕ್ಕೆ ಅರ್ಜಿ ಹಾಕೋಣ" ಎನ್ನುತ್ತಿದೆ.

ಇದುವರೆಗೆ ನಾನು ಮಾಡಿದ್ದೆಲ್ಲ ಸರ್ಕಾರದ ಸಾದಾ ಸಂಶೋಧನಾ ಅನುದಾನದಲ್ಲಿ. ಕಂಪನಿ ಜೊತೆ ಕೆಲಸ ಹೊಸದು. ಯಾವ ಹಣದಿಂದ ಶುರು ಮಾಡಬೇಕು? ಕಂಪನಿಯಿಂದ ಎಷ್ಟು ಕೇಳಬಹುದು? ಪೇಟೆಂಟ್ ಯಾರ ಹೆಸರಿಗೆ? ನನ್ನ ಬಳಿ ಪಿಎಚ್‌ಡಿ ಮಾಡುತ್ತಿರುವವರಿದ್ದಾರೆ, ಅವರ ಪ್ರಬಂಧ ಇದರಲ್ಲಿ ಸಿಕ್ಕಿಹಾಕಿಕೊಳ್ಳಬಾರದು. ಈ ದಾರಿಯಲ್ಲಿ ನಡೆದವರು ದಯವಿಟ್ಟು ಬರೆಯಿರಿ.

ಅನುದಾನ ಕಚೇರಿಯಲ್ಲಿ ಕೆಲಸ ಮಾಡುವವರು

ಮೇಡಂ, ಹಣ ಎಲ್ಲಿದೆ ಅಂತ ಹುಡುಕುವ ಮೊದಲು ನಿಮ್ಮ ಕೆಲಸ ಯಾವ ಹಂತದಲ್ಲಿದೆ ಅಂತ ಬರೆದುಕೊಳ್ಳಿ. ಟಿಆರ್‌ಎಲ್ ಅಂತ ತಂತ್ರಜ್ಞಾನ ಎಷ್ಟು ಸಿದ್ಧವಾಗಿದೆ ಎಂದು ತೋರಿಸುವ, 1ರಿಂದ 9ರವರೆಗಿನ ಅಳತೆ ಇದೆ. ನಾಸಾದವರು ತಮ್ಮ ಕೆಲಸಕ್ಕೆ ಮಾಡಿಕೊಂಡದ್ದು, ಈಗ ಎಲ್ಲ ಕಡೆ ಬಳಕೆಯಲ್ಲಿದೆ. 5 ಲೀಟರ್‌ನಲ್ಲಿ ಚೆನ್ನಾಗಿ ನಡೆಯುತ್ತಿದೆ ಅಂದರೆ ನೀವು 3 ಅಥವಾ 4ರಲ್ಲಿದ್ದೀರಿ. ಪೈಲಟ್ ಘಟಕ, ಅಂದರೆ ಕಾರ್ಖಾನೆಗೆ ಮುಂಚಿನ ಸಣ್ಣ ಪ್ರಯೋಗ ಘಟಕ, ಆದರೆ 5, 6. ಹೊಸ ಮಾದರಿಯ ಮೊದಲ ಕಾರ್ಖಾನೆ ಅಂದರೆ 8ರ ಆಸುಪಾಸು. ಒಂದೊಂದು ಹಂತಕ್ಕೆ ಒಂದೊಂದು ಬಗೆಯ ಹಣ. 4ರಲ್ಲಿ ಇರುವವರು 7ರ ಹಣಕ್ಕೆ ಅರ್ಜಿ ಹಾಕಿ ತಿಂಗಳುಗಟ್ಟಲೆ ದುಡಿದು ಕೈಸುಟ್ಟುಕೊಳ್ಳುವುದನ್ನು ನಾನು ಪ್ರತಿ ಸಲ ನೋಡುತ್ತೇನೆ.

ಹಂತ ಮೇಲೇರಿದಂತೆ ಸರ್ಕಾರದ ಪಾಲು ಇಳಿಯುತ್ತದೆ, ಕಂಪನಿಯ ಪಾಲು ಏರುತ್ತದೆ. ಯುರೋಪ್ ಒಕ್ಕೂಟದ ನಿಯಮ ನೋಡಿದರೆ ಇದು ಸ್ಪಷ್ಟವಾಗುತ್ತದೆ. ಅಲ್ಲಿ ಸದಸ್ಯ ದೇಶದ ಸರ್ಕಾರ ಕಂಪನಿಗೆ ನೆರವು ಕೊಡುವುದಾದರೆ ಮೂಲ ಸಂಶೋಧನೆಗೆ ಖರ್ಚಿನ 100%ವರೆಗೆ ಕೊಡಬಹುದು. ಕೈಗಾರಿಕಾ ಸಂಶೋಧನೆ ಅಂದರೆ 50%. ಮಾರುಕಟ್ಟೆಗೆ ಹತ್ತಿರದ ಅಭಿವೃದ್ಧಿ ಕೆಲಸ ಅಂದರೆ 25%. ಕಂಪನಿ ಚಿಕ್ಕದಿದ್ದರೆ ಮೇಲೆ ಇನ್ನಷ್ಟು. ನಿಜವಾದ ಜಂಟಿ ಕೆಲಸ ಆಗಿದ್ದರೆ ಮತ್ತೆ 15 ಶೇಕಡಾ ಅಂಶ ಜಾಸ್ತಿ. ಆದರೆ ವಿಶ್ವವಿದ್ಯಾಲಯದ ಜೊತೆಗೂಡಿದ್ದಕ್ಕೆ ಈ ಹೆಚ್ಚುವರಿ ಬೇಕೆಂದರೆ, ಆ ವಿಶ್ವವಿದ್ಯಾಲಯ ಖರ್ಚಿನಲ್ಲಿ ಕನಿಷ್ಠ 10% ಹೊತ್ತಿರಬೇಕು, ತನ್ನ ಫಲಿತಾಂಶ ಪ್ರಕಟಿಸುವ ಹಕ್ಕು ಅದಕ್ಕಿರಬೇಕು. ಅಂದರೆ ಹೆಸರಿಗೆ ಮಾತ್ರ ಸೇರಿಸಿಕೊಂಡರೆ ನಡೆಯುವುದಿಲ್ಲ.

ಅಮೆರಿಕದ ಎಸ್‌ಟಿಟಿಆರ್ ಅನ್ನುವ, ಸಣ್ಣ ಕಂಪನಿ–ಸಂಶೋಧನಾ ಸಂಸ್ಥೆ ಜಂಟಿ ಕೆಲಸಕ್ಕೆ ಹಣ ಕೊಡುವ ಯೋಜನೆಯಲ್ಲೂ ಇದೇ ಯೋಚನೆ, ರೂಪ ಬೇರೆ. ಕೆಲಸದ ಕನಿಷ್ಠ 40% ಸಣ್ಣ ಕಂಪನಿ ಮಾಡಬೇಕು, ಕನಿಷ್ಠ 30% ಸಂಶೋಧನಾ ಸಂಸ್ಥೆ ಮಾಡಬೇಕು. ಬ್ರೆಜಿಲ್‌ನ ಎಂಬ್ರಾಪಿ ಅನ್ನುವ, ಕೈಗಾರಿಕಾ ಸಂಶೋಧನೆಗೆ ಹಣ ಕೊಡುವ ಸಂಸ್ಥೆ 2013ರಲ್ಲಿ ಶುರುವಾದದ್ದು. ಅಲ್ಲಿ ಲೆಕ್ಕ ಸರಳ. ಸುಮಾರು ಮೂರನೇ ಒಂದು ಭಾಗ ಎಂಬ್ರಾಪಿ, ಕನಿಷ್ಠ ಮೂರನೇ ಒಂದು ಭಾಗ ಕಂಪನಿ, ಉಳಿದದ್ದು ಸಂಶೋಧನಾ ಘಟಕ ತನ್ನ ಜನ, ಯಂತ್ರಗಳ ರೂಪದಲ್ಲಿ. ನಿಮ್ಮಲ್ಲಿ ಯಾವ ಯೋಜನೆ ಇದ್ದರೂ ಒಳಗಿನ ತರ್ಕ ಈ ಮೂರರಲ್ಲಿ ಒಂದಕ್ಕೆ ಹತ್ತಿರ ಇರುತ್ತದೆ.

ಈಗ "ಕಂಪನಿಯಿಂದ ಎಷ್ಟು" ಅನ್ನೋ ಪ್ರಶ್ನೆ. ಮೊತ್ತಕ್ಕಿಂತ ಮೊದಲು ಕೇಳಬೇಕಾದದ್ದು, ನಗದೋ ವಸ್ತು ರೂಪದ್ದೋ ಅಂತ. ಅಧಿಕಾರಿಗಳ ಸಮಯ, ಯಂತ್ರದ ಬಳಕೆ, ಕಚ್ಚಾವಸ್ತು ಇವೆಲ್ಲ 'ಇನ್-ಕೈಂಡ್' ಲೆಕ್ಕಕ್ಕೆ ಬರುತ್ತವೆ. ಕಾಗದದ ಮೇಲೆ ದೊಡ್ಡ ಮೊತ್ತ ಕಾಣುತ್ತದೆ. ಯುರೋಪಿನಲ್ಲಿ ಜೈವಿಕ ಆರ್ಥಿಕತೆಗೆಂದೇ ಇರುವ ಸಿಬಿಇ ಜೆಯು ಅನ್ನುವ ಪಾಲುದಾರಿಕೆ 200 ಕೋಟಿ ಯುರೋದ್ದು. ಅರ್ಧ ಒಕ್ಕೂಟದ ಹಣ, ಇನ್ನರ್ಧ ಉದ್ಯಮ ಒಕ್ಕೂಟದ್ದು. ಉದ್ಯಮದ ಪಾಲಿನಲ್ಲಿ ಹೆಚ್ಚಿನದು ನಗದಲ್ಲ, ಈ ಬಗೆಯದು. ಅದರಲ್ಲಿ ತಪ್ಪೇನಿಲ್ಲ. ಆದರೆ ನಿಮ್ಮ ಸಂಶೋಧನಾ ಸಹಾಯಕರ ಸಂಬಳ ಯಂತ್ರದ ಗಂಟೆಗಳಿಂದ ಬರುವುದಿಲ್ಲ, ಅಲ್ವಾ?

ಇನ್ನೊಂದು ಮಾತು. ವಸ್ತು ರೂಪದ ಕೊಡುಗೆಗೂ ಆಡಿಟ್ ಇರುತ್ತದೆ. ಯಾರು, ಯಾವ ದಿನ, ಎಷ್ಟು ಗಂಟೆ ಅಂತ ಟೈಮ್‌ಶೀಟ್ ಬೇಕು. ಮೊದಲ ತಿಂಗಳಿಂದಲೇ ಕಂಪನಿಯವರಿಂದ ಬರೆಸಿಕೊಳ್ಳಿ. ಕೊನೆಯಲ್ಲಿ ಹುಡುಕಿದರೆ ಸಿಗುವುದಿಲ್ಲ. ಆ ಅಧಿಕಾರಿ ಅಷ್ಟರಲ್ಲಿ ಬೇರೆ ಕಂಪನಿಗೆ ಹೋಗಿರುತ್ತಾರೆ.

ಕಂಪನಿ ಕಡೆಯವರು (ಆರ್ ಅಂಡ್ ಡಿ)

ಮೇಲಿನವರು ಹೇಳಿದ್ದು ಸರಿ. ನಾನು ಮೇಜಿನ ಆಚೆ ಬದಿಯಿಂದ ಹೇಳುತ್ತೇನೆ.

ನಿಮ್ಮ ಹತ್ತಿರ ಬಂದವರು ಯಾರು ಅಂತ ಮೊದಲು ನೋಡಿ. ಆರ್ ಅಂಡ್ ಡಿ ಮುಖ್ಯಸ್ಥರೋ, ಉತ್ಪನ್ನ ಮಾರುವ ವಿಭಾಗದವರೋ? ನಮ್ಮಂಥ ಆರ್ ಅಂಡ್ ಡಿ ಜನಕ್ಕೆ ಉತ್ಸಾಹ ಜಾಸ್ತಿ, ಬಜೆಟ್ ಕಮ್ಮಿ. ಹಣ ಇರುವುದು ಮಾರಾಟ ವಿಭಾಗದಲ್ಲಿ. ಆ ವಿಭಾಗದ ಒಬ್ಬರು ಸಭೆಗೆ ಬಂದು "ಇಂಥ ಶುದ್ಧತೆಯಲ್ಲಿ, ಇಂಥ ಬೆಲೆಗೆ ಕೊಟ್ಟರೆ ನಾವು ತೆಗೆದುಕೊಳ್ಳುತ್ತೇವೆ" ಅಂದರೆ ಅದು ನಿಜವಾದ ಆಸಕ್ತಿ. ಅವರು ಬರದೇ ಇದ್ದರೆ ನೀವು ಒಬ್ಬ ಉತ್ಸಾಹಿಯ ಜೊತೆ ಮಾತಾಡುತ್ತಿದ್ದೀರಿ ಅಷ್ಟೇ.

ನಗದು ಚಿಕ್ಕದಾದರೂ ಕೇಳಿ. ಚಿಕ್ಕ ಮೊತ್ತಕ್ಕೂ ಕಂಪನಿಯೊಳಗೆ ಯಾರಾದರೂ ಸಹಿ ಹಾಕಬೇಕು. ಸಹಿ ಹಾಕಿದವರು ಮುಂದಿನ ವರ್ಷ "ಅದು ಏನಾಯಿತು?" ಅಂತ ಕೇಳುತ್ತಾರೆ. ಹಾಗೆ ಕೇಳುವವರು ಇದ್ದರೆ ಯೋಜನೆ ಉಳಿಯುತ್ತದೆ. ಪೂರ್ತಿ ಸರ್ಕಾರದ ದುಡ್ಡಿನಲ್ಲಿ ನಡೆಯುವ ಯೋಜನೆಯನ್ನು ನಮ್ಮಲ್ಲಿ ಯಾರೂ ನೆನಪಿಟ್ಟುಕೊಳ್ಳುವುದಿಲ್ಲ. ಕಹಿ ಮಾತು, ಆದರೆ ನಿಜ.

ಇನ್ನು ಕಂಪನಿ ಕೈ ಬಿಡುವ ಸಾಧ್ಯತೆ. ಇದನ್ನು ಅಪನಂಬಿಕೆ ಅಂದುಕೊಳ್ಳಬೇಡಿ, ಒಪ್ಪಂದದಲ್ಲೇ ಬರೆಯಿರಿ. 2007ರಲ್ಲಿ ಬಿಪಿ ಕಂಪನಿ ಹತ್ತು ವರ್ಷಕ್ಕೆ 50 ಕೋಟಿ ಡಾಲರ್ ಘೋಷಿಸಿ, ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ, ಲಾರೆನ್ಸ್ ಬರ್ಕ್ಲಿ ರಾಷ್ಟ್ರೀಯ ಪ್ರಯೋಗಾಲಯ ಮತ್ತು ಇಲಿನಾಯ್ ವಿಶ್ವವಿದ್ಯಾಲಯದ ಜೊತೆ ಎನರ್ಜಿ ಬಯೋಸೈನ್ಸಸ್ ಇನ್‌ಸ್ಟಿಟ್ಯೂಟ್ ಕಟ್ಟಿತು. ಈ ಕ್ಷೇತ್ರದಲ್ಲಿ ಅಷ್ಟು ದೊಡ್ಡ ಜಂಟಿ ಒಪ್ಪಂದ ಅಪರೂಪ. 2014ರ ಕೊನೆಗೆ ಕಚ್ಚಾ ತೈಲದ ಬೆಲೆ ಬಿತ್ತು. ಬಿಪಿ ಹುಲ್ಲು, ದಂಟಿನಿಂದ ಇಂಧನ ಮಾಡುವ ಕೆಲಸದಿಂದ ಹಿಂದೆ ಸರಿಯಿತು. ಹತ್ತು ವರ್ಷ ತುಂಬುವ ಮೊದಲೇ ಹಣ ಕಡಿಮೆಯಾಯಿತು. ವಿಜ್ಞಾನ ಸೋತದ್ದಲ್ಲ, ಮಾರುಕಟ್ಟೆ ತಿರುಗಿತು. ಪೆಟ್ರೋಲಿಯಂ ಜೊತೆ ಸ್ಪರ್ಧಿಸುವ ಯಾವ ಜೈವಿಕ ಉತ್ಪನ್ನಕ್ಕೂ ಈ ಗಂಡಾಂತರ ಇದ್ದೇ ಇರುತ್ತದೆ. ಹಾಗಾಗಿ, ಕಂಪನಿ ನಡುವೆ ಬಿಟ್ಟರೆ ನಡೆಯುತ್ತಿರುವ ಪಿಎಚ್‌ಡಿಗಳ ಖರ್ಚು ಮುಗಿಯುವವರೆಗೂ ಕೊಡಬೇಕು, ತಳಿಯ ಹಕ್ಕು ನಿಮಗೆ ವಾಪಸ್ ಬರಬೇಕು ಅಂತ ಹಾಕಿಸಿಕೊಳ್ಳಿ. ಆರಂಭದಲ್ಲಿ ಕೇಳಿದರೆ ನಾವು ಒಪ್ಪುತ್ತೇವೆ. ಆಮೇಲೆ ಕೇಳಿದರೆ ಒಪ್ಪುವುದಿಲ್ಲ.

ಪೈಲಟ್ ಘಟಕದ ಎಂಜಿನಿಯರ್

ಒಂದು ಪ್ರಶ್ನೆ ಮೇಡಂ. ಆ 5 ಲೀಟರ್‌ನಲ್ಲಿ ನೀವು ಹಾಕಿದ್ದು ಅಂಗಡಿಯಿಂದ ತಂದ ಶುದ್ಧ ಗ್ಲೂಕೋಸೋ, ನಿಜವಾದ ಹುಲ್ಲಿನ ಸಕ್ಕರೆಯೋ?

ಪ್ರಶ್ನೆ ಕೇಳಿದವರು

ಬಹುಪಾಲು ಗ್ಲೂಕೋಸ್, ಸ್ವಲ್ಪ ಕ್ಸೈಲೋಸ್ (ಹುಲ್ಲಿನಲ್ಲಿರುವ ಇನ್ನೊಂದು ಸಕ್ಕರೆ) ಬೆರೆಸಿದ್ದು ಸರ್. ನಿಜವಾದ ಹುಲ್ಲಿನದ್ದು ಫ್ಲಾಸ್ಕ್‌ನಲ್ಲಿ ಮಾತ್ರ ನೋಡಿದ್ದೇವೆ.

ಪೈಲಟ್ ಘಟಕದ ಎಂಜಿನಿಯರ್

ಹಾಗಾದರೆ ನಿಮ್ಮ ಮೊದಲ ಹಣ ಎಲ್ಲಿಗೆ ಹೋಗಬೇಕು ಅಂತ ಇಲ್ಲೇ ಗೊತ್ತಾಯಿತು. ಉದ್ದ ಬರೆಯುತ್ತೇನೆ, ಕ್ಷಮಿಸಿ. ನಮ್ಮ ಘಟಕಕ್ಕೆ ಬರುವ ಜಂಟಿ ಯೋಜನೆಗಳಲ್ಲಿ ಹೆಚ್ಚಿನವು ಮುಗ್ಗರಿಸುವುದು ಇಲ್ಲೇ.

ಹುಲ್ಲನ್ನು ಬಿಸಿ ಆವಿ, ಆಮ್ಲದಲ್ಲಿ ಬೇಯಿಸಿದಾಗ ಸಕ್ಕರೆಯ ಜೊತೆ ಫರ್ಫ್ಯೂರಾಲ್, ಅಸಿಟಿಕ್ ಆಮ್ಲ ಇವೂ ಹುಟ್ಟುತ್ತವೆ. ಯೀಸ್ಟ್‌ಗೆ ಇವು ವಿಷ. ಫ್ಲಾಸ್ಕ್‌ನಲ್ಲಿ ತೆಳುವಾಗಿ ಇದ್ದಾಗ ತಡೆದುಕೊಳ್ಳುತ್ತದೆ. ಕಾರ್ಖಾನೆಗೆ ಬೇಕಾದಷ್ಟು ದಟ್ಟ ಮಾಡಿದಾಗ ಕೈಚೆಲ್ಲುತ್ತದೆ. ಸಾಮಾನ್ಯ ಯೀಸ್ಟ್‌ಗೆ ಕ್ಸೈಲೋಸ್ ಹಿಡಿಸುವುದಿಲ್ಲ, ಹುಲ್ಲಿನ ಸಕ್ಕರೆಯಲ್ಲಿ ಗ್ಲೂಕೋಸ್ ಬಿಟ್ಟರೆ ಅದರದ್ದೇ ದೊಡ್ಡ ಪಾಲು. ಇದರ ಮೇಲೆ ಹುಲ್ಲು ಒಂದೇ ತೆರನಾಗಿ ಬರುವುದಿಲ್ಲ. ತೇವ ಬೇರೆ, ಬೂದಿ ಬೇರೆ, ಮಣ್ಣು ಬೇರೆ. ಮಳೆ ತಿಂದ ಹುಲ್ಲು ಅರ್ಧ ಕೊಳೆತೇ ಬರುತ್ತದೆ. ಅದರ ಸಿಲಿಕಾ ಯಂತ್ರದ ಸ್ಕ್ರೂ ಫೀಡರನ್ನು ತಿಂದುಹಾಕುತ್ತದೆ. ವರ್ಷದಲ್ಲಿ ಕೆಲವೇ ವಾರ ಸಿಗುವ ಕಚ್ಚಾವಸ್ತುವನ್ನು ವರ್ಷಪೂರ್ತಿ ಕೂಡಿಡಬೇಕು. ಲ್ಯಾಬಿನಲ್ಲಿ ಇದ್ಯಾವುದೂ ಕಾಣುವುದಿಲ್ಲ.

ದೊಡ್ಡವರೂ ಇಲ್ಲಿ ಎಡವಿದ್ದಾರೆ. ಇಟಲಿಯ ಕ್ರೆಶೆಂಟಿನೊದಲ್ಲಿ 2013ರಲ್ಲಿ ಹುಲ್ಲಿನ ಎಥನಾಲ್ ಕಾರ್ಖಾನೆ ತೆರೆಯಿತು, 2017ರಲ್ಲಿ ನಿಂತಿತು. ಮಾತೃಸಂಸ್ಥೆಯ ಹಣಕಾಸು ಕುಸಿದಿತ್ತು. ಡುಪಾಂಟ್ ಕಂಪನಿ ಅಮೆರಿಕದ ಅಯೋವಾ ರಾಜ್ಯದ ನೆವಾಡಾ ಊರಿನಲ್ಲಿ ಮೆಕ್ಕೆಜೋಳದ ದಂಟಿನಿಂದ ಎಥನಾಲ್ ಮಾಡುವ ಘಟಕವನ್ನು 2015ರಲ್ಲಿ ತೆರೆದು, 2017ರಲ್ಲಿ ಕೈ ತೊಳೆದುಕೊಂಡಿತು. ರೊಮೇನಿಯಾದ ಪೊಡಾರಿಯಲ್ಲಿ ಕ್ಲಾರಿಯಂಟ್ ಕಟ್ಟಿದ ಘಟಕ ವರ್ಷಕ್ಕೆ 2.5 ಲಕ್ಷ ಟನ್ ಹುಲ್ಲಿನಿಂದ 50,000 ಟನ್ ಎಥನಾಲ್ ಮಾಡಬೇಕಿತ್ತು. ಯುರೋಪ್ ಒಕ್ಕೂಟದ ಅನುದಾನವೂ ಇತ್ತು. 2022ರಲ್ಲಿ ಉತ್ಪಾದನೆ ಶುರು, 2023ರ ಡಿಸೆಂಬರ್‌ನಲ್ಲಿ ಮುಚ್ಚುವ ನಿರ್ಧಾರ. ನಿಮ್ಮ ಆಮ್ಲಕ್ಕೆ ಹತ್ತಿರದ ಕಥೆ ಸಕ್ಸಿನಿಕ್ ಆಮ್ಲದ್ದು. ಬಯೋಆಂಬರ್ ಕಂಪನಿ ಕೆನಡಾದ ಸಾರ್ನಿಯಾದಲ್ಲಿ 30,000 ಟನ್ ಸಾಮರ್ಥ್ಯದ ಕಾರ್ಖಾನೆಯನ್ನು 2015ರಲ್ಲಿ ಶುರು ಮಾಡಿತು, 2018ರಲ್ಲಿ ದಿವಾಳಿ. ಅವರ ಸೂಕ್ಷ್ಮಜೀವಿ ಕೆಲಸ ಮಾಡುತ್ತಿತ್ತು. ಆ ಬೆಲೆಗೆ, ಅಷ್ಟು ಪ್ರಮಾಣದಲ್ಲಿ ಕೊಳ್ಳುವವರು ಬರಲಿಲ್ಲ.

ಹೆದರಿಸಲು ಹೇಳುತ್ತಿಲ್ಲ. ಆಗಿರುವುದೂ ಇದೆ. ಡುಪಾಂಟ್ ಮತ್ತು ಟೇಟ್ ಅಂಡ್ ಲೈಲ್ ಜಂಟಿಯಾಗಿ ಟೆನೆಸಿಯ ಲೌಡನ್‌ನಲ್ಲಿ 2006ರಲ್ಲಿ ಶುರು ಮಾಡಿದ ಪ್ರೊಪೇನ್‌ಡಯಾಲ್ ಘಟಕ ಗಟ್ಟಿಯಾಗಿ ನಿಂತಿತು. ಅಲ್ಲಿ ಕಚ್ಚಾವಸ್ತು ಮೆಕ್ಕೆಜೋಳದ ಸಕ್ಕರೆ, ವರ್ಷವಿಡೀ ಒಂದೇ ಗುಣಮಟ್ಟದ್ದು. ಹೊರಬಂದ ಪದಾರ್ಥಕ್ಕೆ ಡುಪಾಂಟೇ ನಾರಿನ ರೂಪದಲ್ಲಿ ದಾರಿ ಮಾಡಿಕೊಂಡಿತ್ತು. ವ್ಯತ್ಯಾಸ ಗಮನಿಸಿ.

ಅದಕ್ಕೇ ನನ್ನ ಸಲಹೆ. ಮೊದಲು ಸಣ್ಣ ಹಣ ಹಿಡಿಯಿರಿ, ಮತ್ತು ಎರಡೇ ಕೆಲಸಕ್ಕೆ ಬಳಸಿ. ಒಂದು, ನಿಜವಾದ ಹುಲ್ಲಿನ ಸಕ್ಕರೆಯಲ್ಲಿ, ಬೇರೆ ಬೇರೆ ಋತುವಿನ ಮಾದರಿ ತಂದು, ಫರ್ಮೆಂಟರ್ ಓಡಿಸಿ. ಇನ್ನೊಂದು, ಒರಟು ಲೆಕ್ಕದ ಟಿಇಎ, ಅಂದರೆ ತಾಂತ್ರಿಕ-ಆರ್ಥಿಕ ವಿಶ್ಲೇಷಣೆ ಮಾಡಿಸಿ. ಕಂಪನಿಯವರ ಪ್ರೊಸೆಸ್ ಎಂಜಿನಿಯರ್ ಇದನ್ನು ನಿಮಗಿಂತ ಚೆನ್ನಾಗಿ ಮಾಡುತ್ತಾರೆ. ವಸ್ತು ರೂಪದ ಕೊಡುಗೆ ಕೇಳುವುದಾದರೆ ಇದನ್ನೇ ಕೇಳಿ. ಮೂರು ಅಂಕಿ ಮುಖ್ಯ. ಒಂದು ಲೀಟರ್‌ನಲ್ಲಿ ಕೊನೆಗೆ ಎಷ್ಟು ಗ್ರಾಂ, ಒಂದು ಗಂಟೆಗೆ ಎಷ್ಟು ಗ್ರಾಂ, ಒಂದು ಗ್ರಾಂ ಸಕ್ಕರೆಯಿಂದ ಎಷ್ಟು. ಒಂದರಲ್ಲಿ ದಾಖಲೆ ಮಾಡಿ ಉಳಿದೆರಡು ಮರೆತ ಸಂಶೋಧನಾ ಲೇಖನಗಳನ್ನು ನಾವು ದಿನಾ ನೋಡುತ್ತೇವೆ.

ಬೇರ್ಪಡಿಸುವ ಖರ್ಚನ್ನೂ ಈಗಲೇ ಲೆಕ್ಕ ಹಾಕಿ. ಎಷ್ಟೋ ಆಮ್ಲಗಳಲ್ಲಿ ಫರ್ಮೆಂಟರ್‌ಗಿಂತ ಅದರ ನಂತರದ ಶುದ್ಧೀಕರಣಕ್ಕೇ ಜಾಸ್ತಿ ದುಡ್ಡು. ಲ್ಯಾಕ್ಟಿಕ್ ಆಮ್ಲದ ಹಳೆಯ ವಿಧಾನದಲ್ಲಿ ಸುಣ್ಣ ಹಾಕಿ ತಟಸ್ಥ ಮಾಡುತ್ತಿದ್ದರು. ಒಂದು ಟನ್ ಆಮ್ಲಕ್ಕೆ ಸುಮಾರು ಒಂದು ಟನ್ ಜಿಪ್ಸಂ ಕಸ. 'ಸುಸ್ಥಿರ' ಅಂತ ಬರೆದುಕೊಂಡ ಪ್ರಸ್ತಾವನೆಯಲ್ಲಿ ಆ ಜಿಪ್ಸಂ ಎಲ್ಲಿ ಹೋಗುತ್ತದೆ ಅಂತ ಯಾರೂ ಬರೆದಿರುವುದಿಲ್ಲ. ನಿಮ್ಮದು ಯೀಸ್ಟ್ ಆದ್ದರಿಂದ ಕಡಿಮೆ ಪಿಎಚ್‌ನಲ್ಲೇ (ಅಂದರೆ ಹುಳಿಯಲ್ಲೇ, ಸುಣ್ಣ ಹಾಕದೆ) ಓಡಿಸಲು ಸಾಧ್ಯವೇ ನೋಡಿ. ಸಾಧ್ಯವಾದರೆ ಅದೇ ನಿಮ್ಮ ಪ್ರಸ್ತಾವನೆಯ ದೊಡ್ಡ ಬಲ.

ಪೈಲಟ್‌ಗೆ ಹೋಗುವ ಕಾಲ ಬಂದಾಗ ಸ್ವಂತ ಘಟಕ ಕಟ್ಟಲು ಹಣ ಕೇಳಬೇಡಿ. ಬೆಲ್ಜಿಯಂನ ಘೆಂಟ್‌ನಲ್ಲಿ ಬಯೋ ಬೇಸ್ ಯುರೋಪ್, ಜರ್ಮನಿಯ ಲೊಯ್ನಾದಲ್ಲಿ ಫ್ರೌನ್‌ಹೋಫರ್ ಕೇಂದ್ರ, ಕ್ಯಾಲಿಫೋರ್ನಿಯಾದ ಎಮೆರಿವಿಲ್‌ನಲ್ಲಿ ಎಬಿಪಿಡಿಯು ಇವೆಲ್ಲ ಬಾಡಿಗೆಗೆ ಸಿಗುವ ಘಟಕಗಳು. ಬೇರೆ ಕಡೆಯೂ ಇಂಥವು ಇವೆ. ಬಾಡಿಗೆ ಘಟಕದಲ್ಲಿ ಓಡಿಸುವ ಖರ್ಚನ್ನು ಪ್ರಸ್ತಾವನೆಯಲ್ಲೇ ಹಾಕಿ. ಜೊತೆಗೆ ಒಂದು ಓಟ ಕೆಟ್ಟರೆ ಮತ್ತೊಂದು ಸಲ ಓಡಿಸುವ ಹಣವನ್ನೂ. ಸೋಂಕು ಹೊಕ್ಕಿ ಇಡೀ ಟ್ಯಾಂಕ್ ಚೆಲ್ಲುವುದು ಇಲ್ಲಿ ಅಪರೂಪವೇನಲ್ಲ.

ನಿವೃತ್ತ ಪ್ರಾಧ್ಯಾಪಕರು

ಎಂಜಿನಿಯರ್ ಸಾಹೇಬರು ಹೇಳಿದ್ದಕ್ಕೆ ನನ್ನದೊಂದು ತಕರಾರು. ಎಲ್ಲವನ್ನೂ ಟಿಇಎ ಕನ್ನಡಿಯಲ್ಲೇ ನೋಡಿದರೆ ವಿಶ್ವವಿದ್ಯಾಲಯ ಕಂಪನಿಯ ಅಗ್ಗದ ಲ್ಯಾಬ್ ಆಗುತ್ತದೆ. ಕ್ಸೈಲೋಸ್ ಯೀಸ್ಟ್‌ಗೆ ಯಾಕೆ ಹಿಡಿಸುವುದಿಲ್ಲ ಅನ್ನೋ ಪ್ರಶ್ನೆಗೆ ದಶಕಗಟ್ಟಲೆ ಸಾರ್ವಜನಿಕ ಹಣ ಸುರಿದಿದ್ದರಿಂದಲೇ ಇವತ್ತು ನೀವು ಟಿಇಎ ಮಾಡುವ ಸ್ಥಿತಿಗೆ ಬಂದಿದ್ದೀರಿ. ಜಂಟಿ ಹಣದಿಂದ ಆ ಕೆಲಸ ನಡೆಯುವುದಿಲ್ಲ, ನಡೆಯಲೂ ಬಾರದು.

ತಾಯೀ, ನಿಮ್ಮ ಮೂಲ ಅನುದಾನವನ್ನು ಬಿಡಬೇಡಿ. ಜಂಟಿ ಯೋಜನೆ ಅದರ ಪಕ್ಕದಲ್ಲಿ ನಡೆಯಲಿ. ಲೆಕ್ಕದ ಪುಸ್ತಕ ಬೇರೆ, ಲ್ಯಾಬ್ ನೋಟ್‌ಬುಕ್ ಬೇರೆ ಇರಲಿ. ಯಾವ ಫಲಿತಾಂಶ ಯಾವ ಹಣದಿಂದ ಬಂತು ಅಂತ ಹೇಳಲು ಆಗದೇ ಹೋದರೆ ಮುಂದೆ ಪೇಟೆಂಟ್ ಜಗಳ ಗ್ಯಾರಂಟಿ.

ಪೈಲಟ್ ಘಟಕದ ಎಂಜಿನಿಯರ್

ಸರ್, ಅದರಲ್ಲಿ ನಮಗೆ ಭಿನ್ನಾಭಿಪ್ರಾಯ ಇಲ್ಲ. ಟಿಇಎ ಬೇಡ ಅನ್ನುವ ಭಾಗ ಮಾತ್ರ ಒಪ್ಪಲಾರೆ. ಯಾವ ಮೂಲ ಪ್ರಶ್ನೆ ಬಿಡಿಸಿದರೆ ನಿಜವಾಗಿ ಬೆಲೆ ಇಳಿಯುತ್ತದೆ ಅಂತ ತೋರಿಸುವುದೂ ಅದೇ. ಕ್ಸೈಲೋಸ್ ಬಗ್ಗೆಯೇ ಇನ್ನಷ್ಟು ಸಾರ್ವಜನಿಕ ಹಣ ಕೇಳಲು ಅದಕ್ಕಿಂತ ಒಳ್ಳೆಯ ಸಾಕ್ಷಿ ಬೇಕೇ?

ಒಪ್ಪಂದ ನೋಡುವವರು (ತಂತ್ರಜ್ಞಾನ ವರ್ಗಾವಣೆ ಕಚೇರಿ)

ಪೇಟೆಂಟ್ ಪ್ರಶ್ನೆಗೆ ಬರುತ್ತೇನೆ. ಮೊದಲು ಒಂದು ಪಟ್ಟಿ ಮಾಡಿ: ಯೋಜನೆ ಶುರುವಾಗುವ ದಿನ ನಿಮ್ಮ ಬಳಿ ಏನೇನು ಇತ್ತು. ತಳಿಗಳು, ಪ್ಲಾಸ್ಮಿಡ್‌ಗಳು, ವಿಧಾನಗಳು, ದತ್ತಾಂಶ. ಇದನ್ನು ಬ್ಯಾಕ್‌ಗ್ರೌಂಡ್ ಅನ್ನುತ್ತಾರೆ, ಇದು ನಿಮ್ಮದಾಗಿಯೇ ಉಳಿಯಬೇಕು. ಯೋಜನೆಯಲ್ಲಿ ಹೊಸದಾಗಿ ಹುಟ್ಟಿದ್ದು ಫೋರ್‌ಗ್ರೌಂಡ್. ಚರ್ಚೆ ನಡೆಯಬೇಕಾದದ್ದು ಅದರ ಬಗ್ಗೆ ಮಾತ್ರ. ಪಟ್ಟಿ ಇಲ್ಲದೇ ಸಹಿ ಹಾಕಿದರೆ ಹಳೆಯದೂ ಹೊಸದರಲ್ಲಿ ಕರಗಿಹೋಗುತ್ತದೆ.

ಒಪ್ಪಂದವನ್ನು ಸೊನ್ನೆಯಿಂದ ಬರೆಯಬೇಡಿ. ಬ್ರಿಟನ್ನಿನ ಲ್ಯಾಂಬರ್ಟ್ ಟೂಲ್‌ಕಿಟ್ ಅಂತ ಮಾದರಿ ಒಪ್ಪಂದಗಳ ಸಂಗ್ರಹ ಇದೆ, ಯಾರು ಬೇಕಾದರೂ ನೋಡಬಹುದು. ಹಕ್ಕು ವಿಶ್ವವಿದ್ಯಾಲಯದಲ್ಲಿ ಉಳಿದು ಕಂಪನಿಗೆ ಬರೀ ಲೈಸೆನ್ಸ್ ಸಿಗುವ ಮಾದರಿಯಿಂದ ಹಿಡಿದು, ಹಕ್ಕು ಪೂರ್ತಿ ಕಂಪನಿಗೆ ಹೋಗುವ ಮಾದರಿವರೆಗೆ ಮೆಟ್ಟಿಲು ಮೆಟ್ಟಿಲಾಗಿವೆ. ನಿಮ್ಮ ದೇಶದ ಕಾನೂನು ಬೇರೆ ಇರಬಹುದು. ಆದರೂ ಮಾತುಕತೆಗೆ ಒಳ್ಳೆಯ ನೆಲೆ ಸಿಗುತ್ತದೆ. ಕಂಪನಿ ಎಷ್ಟು ನಗದು ಕೊಡುತ್ತದೆ, ಯಾವ ಮೆಟ್ಟಿಲು ಕೇಳುತ್ತದೆ, ಎರಡನ್ನೂ ಪಕ್ಕಪಕ್ಕ ಇಟ್ಟು ಮಾತಾಡಿ.

ಕಂಪನಿಯವರು ಸಾಮಾನ್ಯವಾಗಿ "ಎಲ್ಲ ನಮಗೇ" ಅಂತ ಶುರು ಮಾಡುತ್ತಾರೆ. ಅವರಿಗೆ ನಿಜಕ್ಕೂ ಬೇಕಾಗಿರುವುದು ತಮ್ಮ ಕ್ಷೇತ್ರದಲ್ಲಿ ಪ್ರತಿಸ್ಪರ್ಧಿಗೆ ಸಿಗಬಾರದು ಅನ್ನೋ ಖಾತ್ರಿ. ಅದಕ್ಕೆ ಒಂದು ಬಳಕೆಗೆ ಮಾತ್ರ ಸೀಮಿತವಾದ ವಿಶೇಷ ಲೈಸೆನ್ಸ್ ಸಾಕು. ಪ್ಲಾಸ್ಟಿಕ್‌ಗೆ ಅವರು, ಔಷಧಿಗೋ ಸೌಂದರ್ಯವರ್ಧಕಕ್ಕೋ ನೀವು ಬೇರೆಯವರಿಗೆ ಕೊಡಬಹುದು. ಭಾರತ ಸರ್ಕಾರದ ಜೈವಿಕ ತಂತ್ರಜ್ಞಾನ ಸಂಸ್ಥೆ ಬೈರಾಕ್‌ನ ಒಂದು ಯೋಜನೆಯಲ್ಲಿ ಇದಕ್ಕೆ ಹತ್ತಿರದ ನಡುದಾರಿ ಇದೆ. ವಿಶ್ವವಿದ್ಯಾಲಯ ಅಭಿವೃದ್ಧಿ ಮಾಡಿದ್ದನ್ನು ಕಂಪನಿ ಪರೀಕ್ಷಿಸಿ ನೋಡುತ್ತದೆ. ಹಕ್ಕು ವಿಶ್ವವಿದ್ಯಾಲಯದ್ದು, ಮೊದಲು ಬೇಕು ಅಥವಾ ಬೇಡ ಅನ್ನುವ ಅವಕಾಶ ಕಂಪನಿಯದ್ದು.

ಎರಡು ಹಳೆಯ ಉದಾಹರಣೆ ನೆನಪಿಟ್ಟುಕೊಳ್ಳಿ. 1998ರಲ್ಲಿ ನೊವಾರ್ಟಿಸ್ ಬರ್ಕ್ಲಿಯ ಒಂದು ಸಸ್ಯವಿಜ್ಞಾನ ವಿಭಾಗಕ್ಕೆ ಐದು ವರ್ಷಕ್ಕೆ 2.5 ಕೋಟಿ ಡಾಲರ್ ಕೊಟ್ಟಿತು. ಬದಲಿಗೆ ವಿಭಾಗದ ಸುಮಾರು ಮೂರನೇ ಒಂದು ಭಾಗ ಸಂಶೋಧನೆಗಳ ಲೈಸೆನ್ಸ್‌ಗೆ ಮೊದಲು ಮಾತಾಡುವ ಹಕ್ಕು, ಹಣ ಹಂಚುವ ಸಮಿತಿಯಲ್ಲಿ ಐದರಲ್ಲಿ ಎರಡು ಸ್ಥಾನ ಪಡೆಯಿತು. ಇಡೀ ವಿಭಾಗವನ್ನೇ ಕಟ್ಟಿಹಾಕಿದಂತಾಯಿತು ಅಂತ ಕ್ಯಾಂಪಸ್‌ನಲ್ಲಿ ದೊಡ್ಡ ಗಲಾಟೆ ಆಯಿತು. ಅವಧಿ ಮುಗಿದ ಮೇಲೆ ಒಪ್ಪಂದ ಮುಂದುವರಿಯಲಿಲ್ಲ.

ಅದೇ ಊರಿನ ಇನ್ನೊಂದು ಕಥೆ ಮಲೇರಿಯಾ ಔಷಧಿ ಆರ್ಟೆಮಿಸಿನಿನ್‌ದು. 2004ರಲ್ಲಿ ಗೇಟ್ಸ್ ಪ್ರತಿಷ್ಠಾನ 4.26 ಕೋಟಿ ಡಾಲರ್ ಕೊಟ್ಟಿತು. ಜೇ ಕೀಸ್ಲಿಂಗ್ ಅವರ ವಿಶ್ವವಿದ್ಯಾಲಯ ಲ್ಯಾಬ್, ಅಮೈರಿಸ್ ಅನ್ನುವ ಹೊಸ ಕಂಪನಿ, ಒನ್‌ವರ್ಲ್ಡ್ ಹೆಲ್ತ್ ಅನ್ನುವ ಲಾಭರಹಿತ ಸಂಸ್ಥೆ, ಮೂವರಿಗೂ ಬೇರೆ ಬೇರೆ ಕೆಲಸ. ಮಲೇರಿಯಾಕ್ಕೆ ರಾಯಧನವಿಲ್ಲದ ಲೈಸೆನ್ಸ್. ಅದೇ ಯೀಸ್ಟ್ ಜ್ಞಾನವನ್ನು ಇಂಧನ, ರಾಸಾಯನಿಕಗಳಿಗೆ ಬಳಸಿಕೊಳ್ಳಲು ಕಂಪನಿಗೆ ದಾರಿ ತೆರೆದಿತ್ತು. ಸನೋಫಿ 2013ರ ಹೊತ್ತಿಗೆ ಕಾರ್ಖಾನೆ ಮಟ್ಟದಲ್ಲಿ ಉತ್ಪಾದನೆಗೆ ತಂದಿತು. ಆಮೇಲೆ ಗಿಡದಿಂದ ಬರುವ ಆರ್ಟೆಮಿಸಿನಿನ್ ಬೆಲೆ ಇಳಿದು ಯೀಸ್ಟ್‌ನದ್ದು ಪೈಪೋಟಿಯಲ್ಲಿ ಹಿಂದೆ ಬಿತ್ತು, ಅದು ಬೇರೆ ಮಾತು. ಯಾರಿಗೆ ಯಾವ ಬಳಕೆಯ ಹಕ್ಕು ಅಂತ ಮೊದಲೇ ಹಂಚಿಕೊಂಡದ್ದು ನನಗೆ ಇಷ್ಟ.

ಇನ್ನೊಂದು ಸಣ್ಣ, ಆದರೆ ಮುಖ್ಯ ವಿಷಯ. ನಿಮ್ಮ ಯೀಸ್ಟ್ ಮೂಲತಃ ಎಲ್ಲಿಂದ ಬಂತು? ಬೇರೆ ದೇಶದ ಮಣ್ಣು, ಹಣ್ಣಿನಿಂದ ತೆಗೆದದ್ದಾದರೆ ಜೈವಿಕ ಸಂಪನ್ಮೂಲದ ಬಳಕೆ, ಲಾಭ ಹಂಚಿಕೆಯ ಅಂತರರಾಷ್ಟ್ರೀಯ ನಗೋಯಾ ಒಪ್ಪಂದ ಅನ್ವಯಿಸಬಹುದು. 2014ರ ಅಕ್ಟೋಬರ್‌ನಿಂದ ಜಾರಿಯಲ್ಲಿದೆ. ಸ್ವದೇಶದ್ದೇ ಆದರೂ ಜೀವವೈವಿಧ್ಯ ಕಾನೂನು ಇರಬಹುದು. ಬೇರೆ ಲ್ಯಾಬಿನಿಂದ ಬಂದದ್ದಾದರೆ ಆಗ ಸಹಿ ಹಾಕಿದ ಎಂಟಿಎ, ಅಂದರೆ ವಸ್ತು ವರ್ಗಾವಣೆ ಒಪ್ಪಂದ, ಹುಡುಕಿ ಓದಿ. "ಸಂಶೋಧನೆಗೆ ಮಾತ್ರ" ಅಂತ ಬರೆದಿದ್ದರೆ ಕಂಪನಿಗೆ ತಳಿ ಕೊಡುವಂತಿಲ್ಲ.

ಪಿಎಚ್‌ಡಿ ಮುಗಿಸಿದವರು

ಜಂಟಿ ಯೋಜನೆಯಲ್ಲೇ ನನ್ನ ಪಿಎಚ್‌ಡಿ ಆದದ್ದು. ವಿದ್ಯಾರ್ಥಿ ಕಡೆಯಿಂದ ಹೇಳುತ್ತೇನೆ ಮೇಡಂ.

ಕಂಪನಿ ಪ್ರಕಟಣೆ ತಡೆಹಿಡಿಯುವ ಅವಧಿಗೆ ಮಿತಿ ಇರಲಿ. ಕರಡು ಕೊಟ್ಟ 30 ದಿನದೊಳಗೆ ಆಕ್ಷೇಪ ಹೇಳಬೇಕು, ಪೇಟೆಂಟ್ ಹಾಕಲು ಗರಿಷ್ಠ ಇನ್ನೆರಡು ತಿಂಗಳು, ಉತ್ತರ ಬಾರದಿದ್ದರೆ ಒಪ್ಪಿದ ಹಾಗೆ. ಆ ಕೊನೆಯ ಸಾಲು ಇಲ್ಲದಿದ್ದರೆ ಮೇಲ್ ಕಳಿಸಿ ಸುಮ್ನೆ ಕಾಯುತ್ತಾ ಕೂರಬೇಕಾಗುತ್ತದೆ. ಪ್ರಬಂಧದ ಮೌಖಿಕ ಪರೀಕ್ಷೆ ಎಲ್ಲರಿಗೂ ತೆರೆದಿದ್ದರೆ ಅದೂ ಬಹಿರಂಗಪಡಿಸಿದಂತೆಯೇ. ಅಮೆರಿಕದಲ್ಲಿ ಪೇಟೆಂಟ್‌ಗೆ ಬಹಿರಂಗವಾದ ಮೇಲೂ ಅರ್ಜಿ ಹಾಕಲು 12 ತಿಂಗಳ ವಿನಾಯಿತಿ ಇದೆ, ಯುರೋಪಿನಲ್ಲಿ ಹೆಚ್ಚುಕಮ್ಮಿ ಇಲ್ಲವೇ ಇಲ್ಲ. ಹಾಗಾಗಿ ಅರ್ಜಿ ಮೊದಲು, ಮಾತು ಆಮೇಲೆ. ವಿಚಾರ ಸಂಕಿರಣದ ಪೋಸ್ಟರ್‌ಗೂ ಇದು ಅನ್ವಯ.

ಪ್ರಬಂಧದ ಕನಿಷ್ಠ ಒಂದು ಅಧ್ಯಾಯವಾದರೂ ಕಂಪನಿ ರಹಸ್ಯ ಮುಟ್ಟದ, ಕಂಪನಿ ಬಿಟ್ಟುಹೋದರೂ ಮುಗಿಯುವ ಪ್ರಶ್ನೆಯ ಮೇಲೆ ಇರಲಿ. ನನ್ನ ಮಾರ್ಗದರ್ಶಕರು ಇದನ್ನು ಹಟ ಹಿಡಿದು ಮಾಡಿಸಿದರು.

ಕಂಪನಿಯಲ್ಲೇ ಅರ್ಧ ಕಾಲ ಕಳೆಯುವ ಅವಕಾಶ ಇದ್ದರೆ ಬಿಡಬೇಡಿ. ಫ್ರಾನ್ಸ್‌ನಲ್ಲಿ 1981ರಿಂದ ಸಿಫ್ರೆ ಅನ್ನುವ ವ್ಯವಸ್ಥೆ ಇದೆ. ಕಂಪನಿ ವಿದ್ಯಾರ್ಥಿಯನ್ನು ನೌಕರಿಗೆ ತೆಗೆದುಕೊಳ್ಳುತ್ತದೆ, ಸರ್ಕಾರ ಕಂಪನಿಗೆ ಸಹಾಯಧನ ಕೊಡುತ್ತದೆ. ಬ್ರಿಟನ್ನಿನ ಕೆಟಿಪಿ ಯೋಜನೆಯಲ್ಲೂ ಪದವೀಧರರು ಕಂಪನಿಯಲ್ಲಿ ಕೂತು ಕೆಲಸ ಮಾಡುತ್ತಾರೆ. ದೊಡ್ಡ ಒಕ್ಕೂಟದ ಪ್ರಸ್ತಾವನೆಗಿಂತ ಇಂಥ ಒಬ್ಬ ವ್ಯಕ್ತಿಯ ಹಣ ಪಡೆಯುವುದು ಸುಲಭ. ಎರಡೂ ಕಡೆ ಓಡಾಡುವ ಒಬ್ಬರು ಇದ್ದರೆ ಅರ್ಧ ತಪ್ಪು ತಿಳಿವಳಿಕೆ ಹುಟ್ಟುವುದೇ ಇಲ್ಲ.

ಪ್ರಶ್ನೆ ಕೇಳಿದವರು

ಇಷ್ಟು ವಿವರವಾಗಿ ಯಾರೂ ಹೇಳಿರಲಿಲ್ಲ. ಹಾಗಾದರೆ ದೊಡ್ಡ ಪೈಲಟ್ ಅನುದಾನ ಈಗ ಬೇಡ. ನಿಜವಾದ ಹುಲ್ಲಿನಲ್ಲಿ ಫರ್ಮೆಂಟರ್ ಓಡಿಸುವುದು ಮತ್ತು ಟಿಇಎ, ಇದಕ್ಕೆ ಸಣ್ಣ ಹಣ. ಕಂಪನಿಯಿಂದ ಎಂಜಿನಿಯರ್ ಸಮಯ, ಸ್ವಲ್ಪ ನಗದು. ಒಬ್ಬ ವಿದ್ಯಾರ್ಥಿಯನ್ನು ಅಲ್ಲಿ ಅರ್ಧ ಕಾಲ ಕೂರಿಸುವುದು. ಬ್ಯಾಕ್‌ಗ್ರೌಂಡ್ ಪಟ್ಟಿ ಇವತ್ತೇ ಶುರು ಮಾಡುತ್ತೇನೆ. ಎಂಟಿಎ ಕಡತವನ್ನೂ ತೆಗೆಸುತ್ತೇನೆ.

ಒಂದು ಉಳಿದಿದೆ. ಕಂಪನಿಯವರು ಸದ್ಯಕ್ಕೆ ಒಂದು ಬೆಂಬಲ ಪತ್ರ ಕೊಡುತ್ತೇವೆ ಎಂದಿದ್ದಾರೆ. ಅದಕ್ಕೆ ಬೆಲೆ ಇದೆಯೇ?

ಪ್ರಸ್ತಾವನೆಗಳನ್ನು ಪರಿಶೀಲಿಸುವವರು

ನಾನು ಇಂಥ ಸಮಿತಿಗಳಲ್ಲಿ ಕೂತಿದ್ದೇನೆ, ಅದಕ್ಕೆ ಉತ್ತರಿಸುತ್ತೇನೆ. "ಈ ಮಹತ್ವದ ಸಂಶೋಧನೆಗೆ ನಮ್ಮ ಹಾರ್ದಿಕ ಬೆಂಬಲವಿದೆ" ಅನ್ನೋ ಪತ್ರ ಪ್ರತಿ ಅರ್ಜಿಯಲ್ಲೂ ಇರುತ್ತದೆ. ಕೆಲವೊಮ್ಮೆ ಒಂದೇ ಕಂಪನಿಯ ಒಂದೇ ಒಕ್ಕಣೆಯ ಪತ್ರ ಮೂರು ಅರ್ಜಿಗಳಲ್ಲಿ ಸಿಗುತ್ತದೆ. ಅದನ್ನು ಯಾರೂ ಓದುವುದಿಲ್ಲ.

ನಾವು ಹುಡುಕುವುದು ಇಂಥ ಸಾಲುಗಳನ್ನು: ಇಂಥ ಹುದ್ದೆಯ ಎಂಜಿನಿಯರ್ ತಿಂಗಳಿಗೆ ಇಷ್ಟು ದಿನ ಈ ಯೋಜನೆಗೆ ಕೊಡುತ್ತಾರೆ. ಇಷ್ಟು ಟನ್ ಹುಲ್ಲನ್ನು ಇಂಥ ತಿಂಗಳಲ್ಲಿ ಒದಗಿಸುತ್ತೇವೆ. ಇಷ್ಟು ನಗದು, ಇಂಥ ಕಂತಿನಲ್ಲಿ. ಆಮ್ಲ ಇಷ್ಟು ಶುದ್ಧತೆಗೆ ಬಂದರೆ ನಮ್ಮ ಖರ್ಚಿನಲ್ಲಿ ಇಷ್ಟು ಕಿಲೋ ಪ್ಲಾಸ್ಟಿಕ್ ಮಾಡಿ ಪರೀಕ್ಷಿಸುತ್ತೇವೆ. ಬಾರದಿದ್ದರೆ ಇಂಥ ಹಂತದಲ್ಲಿ ನಿಲ್ಲಿಸುತ್ತೇವೆ. ನಿಲ್ಲಿಸುವ ಮಾತು ಬರೆದರೆ ಅಂಕ ಕಡಿಮೆಯಾಗುತ್ತದೆ ಅಂತ ಎಷ್ಟೋ ಜನ ಹೆದರುತ್ತಾರೆ. ನನ್ನ ಮಟ್ಟಿಗೆ ಉಲ್ಟಾ. ಎಲ್ಲಿ ನಿಲ್ಲಬೇಕು ಅಂತ ಗೊತ್ತಿರುವವರಿಗೆ ನಾನು ಜಾಸ್ತಿ ಅಂಕ ಕೊಡುತ್ತೇನೆ.

ಪತ್ರದ ಕರಡನ್ನು ನೀವೇ ಬರೆದು ಕಳಿಸಿ ಮೇಡಂ. ಅಂಕಿ ಹಾಕಬೇಕಾದ ಜಾಗ ಖಾಲಿ ಬಿಡಿ. ಅವರು ಯಾವ ಜಾಗ ತುಂಬಿ ಕಳಿಸುತ್ತಾರೆ, ಯಾವುದನ್ನು ಅಳಿಸುತ್ತಾರೆ ನೋಡಿ. ಆಮೇಲೆ ಈ ಕಂಪನಿ ಜೊತೆ ಅರ್ಜಿ ಹಾಕಬೇಕೋ ಬೇಡವೋ ಅಂತ ನಮ್ಮನ್ನು ಕೇಳಬೇಕಾಗಿಲ್ಲ.